ರೇಶ್ಮಿಗೆ ಒಂಬತ್ತಕ್ಕೆ ಒಂಬತ್ತು

ಶಿವನು ಸಕಲ ಜೀವಿಗಳಿಗೂ ಒಂದೊಂದು ಹೊಟ್ಟೆ ಕೊಟ್ಟ. ಅದನ್ನು ತುಂಬುವುದು ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಆಯಾ ಜೀವಿಯ ತಿಳಿವಳಿಕೆಗೆ ಬಿಟ್ಟ. ಬಸವಕಲ್ಯಾಣದ ಕೋಟೆ ಹಿಂದಿನ ಓಣಿಯಲ್ಲಿ ಕಲ್ಲಿನಾಥ ಸಾಕಿದ ಬಿಳಿ ಕುದುರೆ ರೇಶ್ಮಿಯ ವಿಷಯದಲ್ಲಿ ಮಾತ್ರ ಆ ತಿಳಿವಳಿಕೆಯ ಭಾರವನ್ನು ಓಣಿಯವರೇ ಹೊತ್ತುಕೊಂಡಿದ್ದರು.

ಓಣಿಯಲ್ಲಿ ಹದಿನಾಲ್ಕು ಮನೆ. ಹಂಚಿನ ಮೇಲಿಂದ ಇಳಿದ ಮೊದಲ ರೊಟ್ಟಿ ಮನುಷ್ಯರಿಗಲ್ಲ, ಬಾಗಿಲಿಗೆ ಬರುವ ದನಕ್ಕೆ ಎಂಬುದು ಎಲ್ಲ ಮನೆಯ ನೇಮ. ಮುತ್ತಜ್ಜನ ಕಾಲದಲ್ಲಿ ಬಾಗಿಲಿಗೆ ಆಕಳು ಬರುತ್ತಿದ್ದವು. ಈಗ ಓಣಿಯಲ್ಲಿ ಆಕಳಿಲ್ಲ, ಎಮ್ಮೆಯಿಲ್ಲ. ಇರುವುದು ಹನ್ನೊಂದು ಮೋಟರ್‌ಸೈಕಲ್ಲು ಮತ್ತು ಒಂದು ಕುದುರೆ. ನೇಮ ಬಿಡಲಾದೀತೆ? ಮೋಟರ್‌ಸೈಕಲ್ಲು ರೊಟ್ಟಿ ತಿನ್ನುವುದಿಲ್ಲ. ಹೀಗಾಗಿ ಹದಿನಾಲ್ಕು ಮನೆಯ ಮೊದಲ ರೊಟ್ಟಿ, ಹಬ್ಬವಿದ್ದರೆ ಮೊದಲ ಹೋಳಿಗೆ, ಸೋಮವಾರವಾದರೆ ನೈವೇದ್ಯದ ಹುಗ್ಗಿ, ಎಲ್ಲವೂ ರೇಶ್ಮಿಯ ಬಾಯಿಗೆ. ಒಂದೊಂದು ಮನೆ ಕೊಟ್ಟಿದ್ದು ಒಂದೇ ಒಂದು ರೊಟ್ಟಿ. ಪುಣ್ಯವೂ ಅವರಿಗೆ ಒಂದೊಂದೇ ಪಾಲು ಬಂತು. ರೇಶ್ಮಿಗೆ ಮಾತ್ರ ಹದಿನಾಲ್ಕು ಪಾಲು.

ಕಲ್ಲಿನಾಥನದು ವಿಭೂತಿ, ಊದುಬತ್ತಿ, ಕರ್ಪೂರ ಮಾರುವ ಸಣ್ಣ ಅಂಗಡಿ. ಮದುವೆಯ ದಿನಗಳಲ್ಲಿ ಮದುಮಗನನ್ನು ರೇಶ್ಮಿಯ ಮೇಲೆ ಕೂಡಿಸಿ ಮೆರವಣಿಗೆ ಮಾಡಿಸುವುದು ಎರಡನೇ ಕಸುಬು. ಮನುಷ್ಯ ಬಲು ಶಾಂತ. ಯಾರ ಮಾತನ್ನೂ ತೆಗೆದುಹಾಕಿದವನಲ್ಲ. ಒಬ್ಬರು ಬಂದು ‘ಈ ವರ್ಷ ಮಳಿ ಭಾಳ ಆತು’ ಎಂದರೆ ‘ಹಂಗೂ ಇರಬಹುದ್ರಿ’ ಎನ್ನುತ್ತಿದ್ದ. ಅವರ ಬೆನ್ನಿಗೇ ಇನ್ನೊಬ್ಬರು ಬಂದು ‘ಮಳಿ ಎಲ್ಲಿ ಆತೋ?’ ಎಂದರೆ ಅದಕ್ಕೂ ‘ಹಂಗೂ ಇರಬಹುದ್ರಿ’. ಇಂಥ ಮನುಷ್ಯನಿಗೆ ವೈರಿಗಳಿರುವುದಿಲ್ಲ. ಆದರೆ ಬಂದ ಗೊಂದಲ ತಿರುಗಿ ಹೋಗುವುದೂ ಇಲ್ಲ.

ಹೋದ ವರ್ಷ ಹುಮನಾಬಾದದಲ್ಲಿ ಕುದುರೆ ಸಾಕುವವರ ಕಮಿಟಿಯೊಂದು ಕುದುರೆಗಳ ಪ್ರದರ್ಶನ ಮಾಡಿತು. ಕಲ್ಲಿನಾಥ ರೇಶ್ಮಿಯ ಜೂಲು ಬಾಚಿ, ಗೊರಸಿಗೆ ಎಣ್ಣೆ ಹಚ್ಚಿ ಕರೆದೊಯ್ದ. ಆಗ ಅದು ಬಿಲ್ಲಿನಂತಿತ್ತು. ನಿರ್ಣಾಯಕರು ಕೋಲೂರಿಕೊಂಡು ಬಂದ ಹಿರಿಯರು. ಒಂದು ಸುತ್ತು ನೋಡಿ, “ಚಲೋ ಅದ. ಇನ್ನೊಂದೀಟು ಮೈ ಹಿಡೀಲಿ” ಎಂದು ಹೇಳಿ, ಮೊದಲ ಬಹುಮಾನವನ್ನು ಕಾಳು ತುಂಬಿದ ಹಗೇವಿನಂತೆ ದುಂಡಗಿದ್ದ ಯಾವುದೋ ಊರಿನ ಕುದುರೆಗೆ ಕೊಟ್ಟುಬಿಟ್ಟರು. ಕಲ್ಲಿನಾಥ ಊರಿಗೆ ಮರಳುವಾಗ ದಾರಿಯುದ್ದಕ್ಕೂ ಅದನ್ನೇ ಧ್ಯಾನಿಸಿ, ಸಸ್ತಾಪುರ ಬಂಗ್ಲಾ ಬರುವಷ್ಟರಲ್ಲಿ ಸಾರ ಹಿಡಿದಿದ್ದ: ಬಹುಮಾನವೆಂದರೆ ಮೈ. ಮರುದಿನದಿಂದ ಓಣಿಯ ಹದಿನಾಲ್ಕು ರೊಟ್ಟಿಯ ಮೇಲೆ ಅವನದೇ ಎರಡು ಸೇರು ನೆನೆದ ಕಡಲೆ, ಮೇಲೆ ಬೆಲ್ಲದ ನೀರು.

ರೇಶ್ಮಿ ಮೈ ಹಿಡಿಯಿತು. ಎಷ್ಟು ಹಿಡಿಯಿತೆಂದರೆ ಜೀನಿನ ಹೊಟ್ಟೆಪಟ್ಟಿ ಸಾಲದೆ ಅದಕ್ಕೆ ಕಲ್ಲಿನಾಥ ತನ್ನ ಸೊಂಟದ ಬೆಲ್ಟನ್ನೇ ಬಿಚ್ಚಿ ಜೋಡಿಸಿದ. ನಾರಾಯಣಪುರದ ಮದುವೆಯೊಂದರಲ್ಲಿ ಮದುಮಗನನ್ನು ಮೇಲೆ ಕೂಡಿಸಿದಾಗ ಅವನ ಕಾಲು ಎರಡು ಕಡೆ ಇಳಿಬೀಳದೆ, ಹೊರಸಿನ ಮಂಚದ ಮೇಲೆ ಕುಳಿತವನಂತೆ ನೆಟ್ಟಗೆ ಚಾಚಿಕೊಂಡವು. ಮೆರವಣಿಗೆ ಮುಗಿದ ಮೇಲೆ ಅವನನ್ನು ನಾಲ್ಕು ಮಂದಿ ಎತ್ತಿ ಇಳಿಸಿದರು. ಅಕ್ಷತೆ ಬೀಳುವವರೆಗೂ ಅವನ ಮೊಣಕಾಲು ಒಂದಕ್ಕೊಂದು ಮುಟ್ಟಲಿಲ್ಲ. ಆ ಮೇಲೆ ರೇಶ್ಮಿಯನ್ನು ಮದುವೆಗೆ ಕರೆಯುವವರು ಕಡಿಮೆಯಾದರು.

ಕಲ್ಲಿನಾಥನ ಹೆಂಡತಿ ವಿದ್ಯಾವತಿಗೆ ಇಷ್ಟು ಸಾಕಾಯಿತು. ಅಂಗಳದಲ್ಲಿ ಸಂಡಿಗೆ ಹಾಕಿದರೆ ರೇಶ್ಮಿ ತಿನ್ನುತ್ತಿತ್ತು; ಹಪ್ಪಳ ಹಾಕಿದರೆ ಅದನ್ನೂ. ವಿದ್ಯಾವತಿ ಅದನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ನಮ್ಮ ಸವತಿ” ಎನ್ನುತ್ತಿದ್ದಳು.

“ನೋಡ್ರಿ,” ಎಂದಳು ಒಂದು ಮುಂಜಾನೆ, “ಈ ಸಲ ಹುಮನಾಬಾದದಾಗ ಒಂದಾದ್ರೂ ಬಹುಮಾನ ಬಂತೋ, ಸವತಿ ಈ ಅಂಗಳದಾಗ ಇರ್ಲಿ. ಬರಲಿಲ್ಲೋ, ಅಲ್ಲಿಂದ ಅಲ್ಲೇ ಹುಲಸೂರಕ್ಕ ನಮ್ಮಣ್ಣನ ಮನಿಗಿ. ಅಣ್ಣಗ ಫೋನ್ ಮಾಡಿ ಹೇಳೇನಿ. ಹಗ್ಗ ತಗೊಂಡೇ ಬರ್ತಾನಂತ.”

ಅಣ್ಣನೆಂದರೆ ಶಂಕರಲಿಂಗ. ಹುಲಸೂರಿನಲ್ಲಿ ಹೊಲವುಳ್ಳವನು, ಮೈಯುಳ್ಳವನು. ಬಿಳಿ ಕುದುರೆ ಏರಿ ತನ್ನ ಕಬ್ಬಿನ ಬದುವಿನ ಮೇಲೆ ತಿರುಗಬೇಕೆಂಬುದು ಅವನ ಬಹುದಿನದ ಆಸೆ. ರೇಶ್ಮಿ ಮರಿಯಾಗಿದ್ದಾಗ ಅದನ್ನು ಹೆಗಲ ಮೇಲೆ ಹೊತ್ತು ತಂದವನು ಕಲ್ಲಿನಾಥ. ಆದರೆ ಬಾಯಿಂದ ಬಂದದ್ದು ಅದೇ: “ಹಂಗೂ ಇರಬಹುದು.”

ಇದೇ ಹೊತ್ತಿಗೆ ಓಣಿಯ ಶೇವಂತಾಬಾಯಿ ರೊಟ್ಟಿ ಹಿಡಿದು ಬಂದಳು. ಶೇವಂತಾಬಾಯಿ ಎಂದರೆ ನಲವತ್ತು ವರ್ಷ ಸುತ್ತ ಹತ್ತು ಹಳ್ಳಿಯ ಹೆರಿಗೆ ಮಾಡಿಸಿದ ಕೈ. ಈಗ ವಯಸ್ಸಾಗಿದೆ, ಎಲ್ಲರೂ ದವಾಖಾನೆಗೆ ಹೋಗುತ್ತಾರೆ. ಆದರೂ ಹೊಟ್ಟೆಗಳ ವಿಷಯದಲ್ಲಿ ಆಕೆಯ ಮಾತೇ ಕೊನೆಯ ಮಾತು. ರೇಶ್ಮಿಗೆ ರೊಟ್ಟಿ ತಿನ್ನಿಸಿದವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಂಗೈಯನ್ನು ಹೊಟ್ಟೆಯ ಕೆಳಗೆ ಇಟ್ಟು ಕಣ್ಣು ಮುಚ್ಚಿದಳು.

“ಕಲ್ಯಾ, ಇದು ಬಸುರಿ ಅದ ನೋಡು.”

“ಹಂಗೂ ಇರಬಹುದ್ರಿ ಆಯಿ.”

“ಇರಬಹುದು ಅಂದ್ರೇನು? ಎಂಟು ತುಂಬ್ಯಾದ. ಮನ್ಯಾಗ ಬಸುರಿ ನಿಂತಾಳ, ಇವಗ ಖಬರಿಲ್ಲ! ಗಂಡಸರು ಅಂದ್ರ ಗಂಡಸರೇ.”

ಸಂಜೆಯೊಳಗೆ ಓಣಿಯ ವಾಟ್ಸಪ್ ಗುಂಪಿನಲ್ಲಿ ನಲವತ್ತು ಮಂದಿ ಕೈ ಮುಗಿದಿದ್ದರು. ಬಸುರಿಯ ಮುಂದೆ ಬರಿಗೈಲಿ ಹೋಗುವುದುಂಟೆ? ಅಂದಿನಿಂದ ಮೊದಲ ರೊಟ್ಟಿಯ ಜೊತೆಗೆ ಬಯಕೆಯ ತಿನಿಸೂ ಸೇರಿತು. ಒಬ್ಬರು ಶೇಂಗಾ ಹೋಳಿಗೆ ತಂದರೆ ಇನ್ನೊಬ್ಬರು ಕರ್ಜಿಕಾಯಿ ತಂದರು. ಹುಣಸೆ ತೊಕ್ಕು ತಂದವರೂ ಇದ್ದರು. ರೇಶ್ಮಿ ತೊಕ್ಕನ್ನು ಮಾತ್ರ ನಿರಾಕರಿಸಿತು. “ಹುಳಿ ಬ್ಯಾಡ ಅಂತದ. ಹೆಣ್ಣು ಮರಿನೇ,” ಎಂದಳು ಶೇವಂತಾಬಾಯಿ.

ಇನ್ನು ಉಳಿದದ್ದು ತಂದೆಯ ಪ್ರಶ್ನೆ. ಇಂಥ ವಿಷಯ ಓಣಿಯವರಿಗೆ ನಿದ್ದೆ ಕೊಡುವಂಥದ್ದಲ್ಲ. ಆಚೆ ಓಣಿಯ ಸೈಫುದ್ದೀನನಿಗೆ ಬಾದಶಾಹ ಎಂಬ ಕಂದು ಕುದುರೆ ಇತ್ತು. ಎರಡೂ ಕುದುರೆ ಒಂದೇ ಮೆರವಣಿಗೆಯಲ್ಲಿ ನಡೆದದ್ದನ್ನು ಕಂಡವರಿದ್ದರು. ಹೆಂಗಸರು ಮರುದಿನವೇ ತಟ್ಟೆಯಲ್ಲಿ ಸಕ್ಕರೆ ಹಿಡಿದು ಸೈಫುದ್ದೀನನ ಮನೆಗೆ ಹೋಗಿ “ಬೀಗರಾದ್ರಿ” ಎಂದು ಬಾಯಿ ಸಿಹಿ ಮಾಡಿ ಬಂದರು.

ಸೈಫುದ್ದೀನ್ ಓಡುತ್ತ ಕಲ್ಲಿನಾಥನ ಅಂಗಡಿಗೆ ಬಂದ.

“ಕಲ್ಲಿನಾಥಣ್ಣ, ಇದೇನು ತಮಾಷಾ ಹಚ್ಚೀರಿ? ನಮ್ಮ ಬಾದಶಾಹಗ ಖಸ್ಸಿ ಮಾಡಿಸಿ, ಬೀಜ ತಗಿಸಿ ಒಂಬತ್ತು ವರ್ಷ ಆತು! ಅವಂಗ ಹುಲ್ಲು ಬಿಟ್ರ ದುಸರಾ ಖಯಾಲೇ ಇಲ್ಲ!”

ಕಲ್ಲಿನಾಥ ಬಹಳ ಹೊತ್ತು ಯೋಚಿಸಿದ. ಬಾದಶಾಹನಲ್ಲದಿದ್ದರೆ ಮತ್ತ್ಯಾರು? ಮತ್ತ್ಯಾರೂ ಅಲ್ಲದಿದ್ದರೆ ಹೊಟ್ಟೆಯಲ್ಲಿರುವುದೇನು? ಆ ಪ್ರಶ್ನೆ ಮನಸ್ಸಿನ ಹೊಸ್ತಿಲವರೆಗೆ ಬಂದಿತು. ಅಷ್ಟರಲ್ಲಿ ಗಿರಾಕಿಯೊಬ್ಬ ಕರ್ಪೂರ ಕೇಳಿದ. ಪ್ರಶ್ನೆ ತಿರುಗಿ ಹೋಯಿತು.

“ಹಂಗೂ ಇರಬಹುದು ಸೈಫುದ್ದೀನ್ ಭಾಯಿ. ಆದ್ರ ಶೇವಂತಾಬಾಯಿ ಆಯಿ ಹೇಳ್ಯಾರ. ನೀವೇ ಹೋಗಿ ಅಲ್ಲ ಅಂತ ಹೇಳ್ರಿ ನೋಡೋಣ.”

ಸೈಫುದ್ದೀನನೂ ಶೇವಂತಾಬಾಯಿಯ ಕೈಯಲ್ಲೇ ಹುಟ್ಟಿದವನು. ಅವನು ಗಡ್ಡ ಕೆರೆದುಕೊಂಡ. ಶುಕ್ರವಾರ ರೇಶ್ಮಿಗೆ ಸೀಮಂತದ ಕುಬಸ ಇದೆ, ಬೀಗರಿಗೆ ಹೋಳಿಗೆ ಊಟ ಇದೆ ಎಂದು ತಿಳಿದ ಮೇಲೆ, ಬಾದಶಾಹನ ಮಾನದ ವಿಷಯವನ್ನು ಮೇಲಿನವನ ಮೇಲೆ ಹಾಕಿ ಸುಮ್ಮನಾದ.

ಕುಬಸ ವಿಜೃಂಭಣೆಯಿಂದ ನಡೆಯಿತು. ರೇಶ್ಮಿಗೆ ಹಸಿರು ಸೀರೆ ಹೊದಿಸಿದರು. ಸೀರೆ ಒಂದು ಸುತ್ತಿಗೆ ಸಾಲಲಿಲ್ಲ, ಎರಡು ಸೀರೆ ಜೋಡಿಸಿದರು. ಹಸಿರು ಬಳೆಗಳನ್ನು ಕೊರಳಿಗೆ ಪೋಣಿಸಿದರು. ಆರತಿ ಬೆಳಗಿದರು. ಉಡಿ ತುಂಬುವಾಗ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಮುಂದಿಟ್ಟರೆ ರೇಶ್ಮಿ ಬಟ್ಟಲ ಸಮೇತ ಉಡಿಯನ್ನೇ ತಿಂದಿತು. ಇದನ್ನು ಎಲ್ಲರೂ ಶುಭವೆಂದು ತಿಳಿದರು. “ನೋಡ್ರಿ, ಒಳಗಿನ ಕೂಸು ಬೇಡಾಕತ್ತದ,” ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಎಲ್ಲರಿಗಿಂತ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ವಿದ್ಯಾವತಿ, “ಬಸುರಿದ್ರೂ ಸವತಿ ಸವತಿನೇ. ಹುಮನಾಬಾದದ ಮಾತು ಮರೀಬ್ಯಾಡ್ರಿ,” ಎಂದು ಗಂಡನಿಗೆ ನೆನಪಿಸಿದಳು.

ತುಂಬು ಬಸುರಿಯನ್ನು ನಡೆಸಬಾರದೆಂದು ಶೇವಂತಾಬಾಯಿ ಅಪ್ಪಣೆ ಮಾಡಿದ್ದಳು. ಅಂದಿನಿಂದ ರೇಶ್ಮಿ ನಿಂತಲ್ಲಿಂದ ಕದಲಲಿಲ್ಲ. ಊಟವೇ ಅದಿದ್ದಲ್ಲಿಗೆ ನಡೆದುಬರುತ್ತಿತ್ತು.

ಪ್ರದರ್ಶನದ ದಿನ ಬಂತು. ಸೈಫುದ್ದೀನನ ಟೆಂಪೊದಲ್ಲಿ ರೇಶ್ಮಿಯನ್ನು ಏರಿಸುವುದಕ್ಕೆ ಹಲಗೆ ಹಾಕಿದರೆ ಹಲಗೆ ಮುರಿಯಿತು. ಕೊನೆಗೆ ಮನೆಮುಂದಿನ ಕಟ್ಟೆಗೆ ಟೆಂಪೊ ತಾಗಿಸಿ ನಿಲ್ಲಿಸಿ ಏರಿಸಿದರು. ಏರುದಾರಿ ಬಂದಾಗಲೆಲ್ಲ ಮುಂದಿನ ಗಾಲಿ ನೆಲ ಬಿಡುವಂತಾಗಿ, ಸೈಫುದ್ದೀನ್ “ಯಾ ಅಲ್ಲಾ” ಎನ್ನುತ್ತ, ಪಕ್ಕದಲ್ಲಿದ್ದ ಕಲ್ಲಿನಾಥ “ಶಿವ ಶಿವಾ” ಎನ್ನುತ್ತ, ಇಬ್ಬರೂ ಮುಂದಕ್ಕೆ ಬಾಗಿ ಭಾರ ಕೊಡುತ್ತ ಹುಮನಾಬಾದ ಮುಟ್ಟಿದರು. ಓಣಿಯ ಹೆಂಗಸರೆಲ್ಲ ಬಸ್ಸಿನಲ್ಲಿ ಮುಂಚೆಯೇ ಬಂದು ಬೇವಿನಮರದ ನೆರಳು ಹಿಡಿದಿದ್ದರು. ಅವರ ಪಕ್ಕದಲ್ಲಿ ಎರಡು ಕುರ್ಚಿ ಜೋಡಿಸಿಕೊಂಡು ಶಂಕರಲಿಂಗ ಕುಳಿತಿದ್ದ. ತೊಡೆಯ ಮೇಲೆ ಹೊಸ ಹಗ್ಗ.

“ಬರ್ರಿ ಮಾವಾ,” ಎಂದ ಶಂಕರಲಿಂಗ, “ಕುದುರಿ ಚಲೋ ಬೆಳೆಸೀರಿ. ಜೀನು ಹೊಸಾದು ಮಾಡಿಸಾಕ ಹಾಕೇನಿ.”

ಹೆಸರು ಬರೆಸುವ ಮೇಜಿನಲ್ಲಿ ಅಜೀತನೆಂಬ ಕಮಿಟಿಯ ಯುವಕನಿದ್ದ. ಅವನ ಕೈಯಲ್ಲೇ ಮೈಕು, ಅವನ ಕೈಯಲ್ಲೇ ಪಟ್ಟಿ.

“ಯಾವ ವರ್ಗ ಕಾಕಾ? ಸಾದಾ ಹೆಣ್ಣು ಕುದುರಿ, ಮರಿ ಇರೋದು, ಗಬ್ಬದ್ದು?”

ಕಲ್ಲಿನಾಥ ಬಾಯಿ ತೆರೆಯುವಷ್ಟರಲ್ಲಿ ಶೇವಂತಾಬಾಯಿ ಹಿಂದಿನಿಂದ ಗುಡುಗಿದಳು: “ಕಣ್ಣು ಕಾಣಂಗಿಲ್ಲೇನೋ ನಿನಗ? ಗಬ್ಬದ್ದು ಅಂತ ಬರಿ!”

ಕಲ್ಲಿನಾಥ ಪಟ್ಟಿಯನ್ನು ಓರೆಗಣ್ಣಿನಿಂದ ನೋಡಿದ. ಸಾದಾ ವರ್ಗದಲ್ಲಿ ಹದಿನೆಂಟು ಕುದುರೆ. ಗಬ್ಬದ ವರ್ಗದಲ್ಲಿ ಎರಡೇ. ರೇಶ್ಮಿ ಮೂರನೆಯದು. ಬಹುಮಾನ ಮೂರು. ಅವನು ಕಣ್ಣು ಮುಚ್ಚಿ ಊರಿನ ಕಡೆಗೆ ಮುಖ ಮಾಡಿ ಕೈ ಮುಗಿದ.

“ಗಬ್ಬದ ಸರ್ಟಿಫಿಕೇಟ್ ತಂದೀರೇನು?” ಎಂದ ಅಜೀತ.

“ಕುಬಸದ ವಿಡಿಯೋ ಅದ ನೋಡು,” ಎಂದು ಹೆಂಗಸರು ಫೋನು ಮುಂದೆ ಹಿಡಿದರು. ಅಜೀತ ಪೂರ್ತಿ ನೋಡಿದ. ಸರಕಾರಿ ಕಾಗದ ಇಷ್ಟು ನಂಬಿಕೆ ಹುಟ್ಟಿಸಲಾರದು ಎನಿಸಿ ಹೆಸರು ಬರೆದುಕೊಂಡ.

ಈ ಸಲದ ನಿರ್ಣಾಯಕಿ ಡಾಕ್ಟರ್ ಹುಮೇರಾ, ಪಶುವೈದ್ಯೆ. ಕಲ್ಲಿನಾಥ ತಿಳಿದಂತೆ ಕುದುರೆ ನೋಡುವುದೆಂದರೆ ಸುಳಿ ನೋಡಬೇಕು, ಹಲ್ಲು ನೋಡಬೇಕು, ದೂರದಿಂದ ತಲೆದೂಗಬೇಕು. ಈಕೆ ಮಾಡಿದ್ದೇ ಬೇರೆ. ಸುಣ್ಣದ ಗೆರೆ ಎಳೆದ ದುಂಡನೆಯ ಕಣದೊಳಗೆ ಬಂದು, ತೋಳು ಮಡಿಚಿ, ಮೊದಲ ಕುದುರೆಯ ಪಕ್ಕೆಯ ಮೇಲೆ ಬೆರಳಾಡಿಸಿ, ಹೆಗಲ ಹಿಂದೆ ಒತ್ತಿ, ಬಾಲದ ಬುಡ ಮುಟ್ಟಿ, ಕುತ್ತಿಗೆಯ ಮೇಲಂಚನ್ನು ಹಿಡಿದು ಅಲ್ಲಾಡಿಸಿ, ಒಂದು ಅಂಕಿ ಹೇಳಿದರು. ಅಜೀತ ಅದನ್ನು ಪಾಟಿಯ ಮೇಲೆ ದೊಡ್ಡದಾಗಿ ಬರೆದು ಎತ್ತಿ ಹಿಡಿದ: ಐದು. ಎರಡನೆಯ ಕುದುರೆಗೆ ಆರು.

ರೇಶ್ಮಿಯ ಸರದಿ. ಡಾಕ್ಟರು ಪಕ್ಕೆಯ ಮೇಲೆ ಬೆರಳಾಡಿಸಿದರು. ಇನ್ನಷ್ಟು ಒತ್ತಿದರು. ಎರಡೂ ಕೈಯಿಂದ ಒತ್ತಿದರು. ಕುತ್ತಿಗೆಯ ಮೇಲಂಚು ಅಲ್ಲಾಡಲಿಲ್ಲ. ಬೆನ್ನ ನಡುವೆ ಉದ್ದಕ್ಕೂ ಕಾಲುವೆಯಂಥ ತಗ್ಗು ಬಿದ್ದಿತ್ತು. ತಮ್ಮ ಬಾಟಲಿಯಿಂದ ಅದರೊಳಗೆ ಒಂದಿಷ್ಟು ನೀರು ಹಾಕಿದರು. ನೀರು ಆಚೆಗೂ ಇಳಿಯಲಿಲ್ಲ, ಈಚೆಗೂ ಇಳಿಯಲಿಲ್ಲ, ಕೆರೆಯಂತೆ ನಿಂತಿತು. ಗುಬ್ಬಿಯೊಂದು ಬಂದು ಕುಡಿದು ಹೋಯಿತು.

“ಎಂಥಾ ಸುಲಕ್ಷಣ!” ಎಂದು ಹೆಂಗಸರು ಬೆರಗಾದರು.

ಡಾಕ್ಟರು ಅಜೀತನಿಗೆ ಅಂಕಿ ಹೇಳಿದರು. ಅಜೀತ ಪಾಟಿ ಎತ್ತಿ ಮೈಕಿನಲ್ಲಿ ಕೂಗಿದ: “ಬಸವಕಲ್ಯಾಣದ ಕಲ್ಲಿನಾಥ ಅವರ ರೇಶ್ಮಿ... ಒಂಬತ್ತಕ್ಕೆ ಒಂಬತ್ತು!”

ಬೇವಿನಮರದ ಕೆಳಗಿಂದ ಎದ್ದ ಕೂಗಿಗೆ ಮರದ ಮೇಲಿದ್ದ ಕಾಗೆಗಳೆಲ್ಲ ಹಾರಿದವು. ಸೈಫುದ್ದೀನ್ ಹಲಗೆ ಬಾರಿಸುವವನನ್ನು ಎಳೆದುಕೊಂಡು ಬಂದ. ಹೆಂಗಸರು ಸುಣ್ಣದ ಗೆರೆ ತುಳಿದು ಒಳಗೆ ನುಗ್ಗಿ ರೇಶ್ಮಿಗೆ ಅರಿಶಿನದ ಭಂಡಾರ ಎರಚಿದರು. ಅರ್ಧ ಭಂಡಾರ ಡಾಕ್ಟರ ಮೇಲೂ ಬಿತ್ತು. ಶಂಕರಲಿಂಗ ಭಾರವಾದ ಮನಸ್ಸಿನಿಂದ ಹಗ್ಗ ಸುತ್ತತೊಡಗಿದ. ಕಲ್ಲಿನಾಥ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿ ಏಳುತ್ತ ಹೆಂಡತಿಯತ್ತ ನೋಡಿದ. ವಿದ್ಯಾವತಿ ಮುಖ ಆಚೆ ತಿರುಗಿಸಿಕೊಂಡಳು. ಆದರೆ ಬೇಸರದಿಂದ ತಿರುಗಿಸಿದ ಮುಖ ಹಾಗಿರುವುದಿಲ್ಲ.

“ತಡೀರಿ, ತಡೀರಿ!” ಡಾಕ್ಟರು ಮೈಕು ಕಸಿದುಕೊಂಡರು. “ಹಲಿಗಿ ಬಂದ್ ಮಾಡ್ರಿ! ಇದು ಪರೀಕ್ಷಾದ ಮಾರ್ಕು ಅಲ್ರೀ. ಎಲುಬು ಎದ್ದು ಕಾಣೋ ಬಡಕಲು ಕುದುರಿಗಿ ಒಂದು. ಕೊಬ್ಬಿನಾಗ ಮುಳುಗಿ ಎಲುಬೇ ಸಿಗಲಿಲ್ಲಂದ್ರ ಒಂಬತ್ತು. ನಡುವಿನ ಐದು ಚಲೋ. ಒಂಬತ್ತರ ಮುಂದ ಅಂಕಿ ಇಲ್ಲ. ಇದ್ದಿದ್ರ ಅದನ್ನೇ ಬರೀತಿದ್ದೆ!”

ಹಲಗೆಯವನ ಕೈ ಮೇಲೆತ್ತಿದಲ್ಲೇ ನಿಂತಿತು. ಶಂಕರಲಿಂಗ ಸುತ್ತಿದ ಹಗ್ಗವನ್ನು ಬಿಚ್ಚತೊಡಗಿದ.

“ಮತ್ತ ಬಸುರಿ ಅಲ್ಲೇನ್ರಿ ಬಾಯಿ? ಬಸುರಿ ಬಡಕಲಿರ್ತಾಳೇನು?” ಶೇವಂತಾಬಾಯಿ ಮುಂದೆ ಬಂದಳು.

“ಎಷ್ಟು ತಿಂಗಳ ಅವ್ವಾ?”

“ಒಂಬತ್ತು ತುಂಬಿ ಮ್ಯಾಲ ನಾಕು ದಿನ. ಇಂದೋ ನಾಳೆಯೋ ಅದ.”

“ಕುದುರಿಗಿ ಹನ್ನೊಂದು ತಿಂಗಳ ಬೇಕವ್ವಾ.”

ಶೇವಂತಾಬಾಯಿ ಈ ಸುದ್ದಿಯನ್ನು ತನ್ನ ಕೈಗೆ ಯಾರೂ ತಿಳಿಸಿಲ್ಲವೆಂಬಂತೆ ಅಂಗೈ ನೋಡಿಕೊಂಡಳು. ಡಾಕ್ಟರು ಹೆಗಲುದ್ದದ ಕೈಗವಸು ತೊಟ್ಟು ರೇಶ್ಮಿಯನ್ನು ಟೆಂಟಿನ ಹಿಂದೆ ಕರೆದೊಯ್ದರು. ಹೊರಗೆ ಹದಿನಾಲ್ಕು ಮನೆಯ ಜನ ಹೆರಿಗೆಮನೆಯ ಮುಂದೆ ನಿಂತಂತೆ ನಿಂತರು. ಸೈಫುದ್ದೀನ್ ಅತ್ತಿಂದಿತ್ತ ತಿರುಗಾಡಿದ. ಹೋಳಿಗೆ ತಿಂದ ಬೀಗನಲ್ಲವೆ. ಬಹಳ ಹೊತ್ತಾದ ಮೇಲೆ ಡಾಕ್ಟರು ಹೊರಗೆ ಬಂದರು.

“ಮರಿ ಇಲ್ಲ. ಇರಲೂ ಇರಲಿಲ್ಲ.”

“ಮತ್ತ ಒಳಗೇನದರಿ?” ಎಂದ ಕಲ್ಲಿನಾಥ.

“ಅದನ್ನ ನೀವು ಹೇಳ್ಬೇಕು. ಏನು ತಿನ್ನಿಸ್ತೀರಿ?”

“ನಮ್ಮ ಮನ್ಯಾಗಿಂದ ಒಂದೇ ರೊಟ್ಟಿರಿ,” ಎಂದಳು ಒಬ್ಬಾಕೆ. “ನಮ್ಮದೂ ಒಂದೇ.” “ನಾವಂತೂ ಅರ್ಧಾನೇ ಕೊಡ್ತೇವಿ. ಮ್ಯಾಲ ಒಂದು ಹೋಳಿಗಿ.” “ಹೋಳಿಗಿ ಭಾರ ಆಗ್ತದಂತ ನಾ ಬರೇ ಉಂಡಿ.” ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಒಂದೊಂದನ್ನು ಒಪ್ಪಿಸುತ್ತ ಹೋದಂತೆ ಡಾಕ್ಟರು ಕುರ್ಚಿ ಹುಡುಕಿ ಕುಳಿತರು.

ಶೇವಂತಾಬಾಯಿ ಅಂಗೈಯನ್ನು ಡಾಕ್ಟರ ಮುಂದೆ ಚಾಚಿದಳು. “ನಲವತ್ತು ವರ್ಷ ಯವ್ವಾ. ಈ ಕೈ ಒಂದು ಸಲ ತಪ್ಪಿಲ್ಲ.”

ಡಾಕ್ಟರು ಎದ್ದು ಬಂದು ಆ ಮುದಿ ಕೈಯನ್ನು ಹಿಡಿದು ರೇಶ್ಮಿಯ ಪಕ್ಕೆಯ ಮೇಲಿಟ್ಟರು. “ಕೈ ತಪ್ಪಿಲ್ಲವ್ವಾ. ಕೈಗೆ ಕೇಳಿದ ಪ್ರಶ್ನಿ ತಪ್ಪು. ಹೊಟ್ಟಿ ಹುಡುಕಬ್ಯಾಡ್ರಿ, ಎಲುಬು ಹುಡುಕ್ರಿ. ಒಂದು ಕಡೆ ಹದಿನೆಂಟು ಅವ. ಕಾಣಬಾರದು, ಮುಟ್ಟಿದ್ರ ಸಿಗಬೇಕು.”

ಶೇವಂತಾಬಾಯಿ ಕಣ್ಣು ಮುಚ್ಚಿದಳು. ಹೆಗಲಿನಿಂದ ಸೊಂಟದವರೆಗೆ ಹುಡುಕಿದಳು. ಮತ್ತೆ ಸೊಂಟದಿಂದ ಹೆಗಲಿನವರೆಗೆ. ಕಣ್ಣು ತೆರೆದು ಮೆಲ್ಲಗೆ ಹೇಳಿದಳು: “ಒಂದೂ ಇಲ್ಲಲ್ಲೋ ಕಲ್ಯಾ. ಎಲ್ಲಿ ಒಯ್ದಿ?”

“ಗೊರಸು ಮುಟ್ಟಿ ನೋಡ್ರಿ, ಬಿಸಿ ಅದ,” ಎಂದರು ಡಾಕ್ಟರು ಕಲ್ಲಿನಾಥನಿಗೆ. “ಹಿಂಗೇ ಬಿಟ್ರ ಕಾಲು ಹಿಡಕೊಂಡು ಬೀಳ್ತದ. ಬಿದ್ದಿದ್ದು ಏಳಂಗಿಲ್ಲ.”

ಕಲ್ಲಿನಾಥನಿಗೆ ಬಹುಮಾನ ಮರೆತೇಹೋಯಿತು. ಅವನು ರೇಶ್ಮಿಯ ಕೊರಳನ್ನು ತಬ್ಬಿಕೊಳ್ಳಲು ಹೋದ. ಎರಡು ಕೈ ಒಂದಕ್ಕೊಂದು ಎಟುಕಲಿಲ್ಲ. ಎಟುಕಿದಷ್ಟನ್ನೇ ಹಿಡಿದುಕೊಂಡು ನಿಂತ.

“ಆತಲ್ಲ ಮಾವಾ,” ಶಂಕರಲಿಂಗನನ್ನು ಇಬ್ಬರು ಸೇರಿ ಕುರ್ಚಿಗಳಿಂದ ಬಿಡಿಸಿದರು. ಅವನು ಹಗ್ಗ ಹಿಡಿದು ಕಣದೊಳಗೆ ಬಂದ. “ಮಾತು ಅಂದ್ರ ಮಾತು. ಗಬ್ಬ ಇಲ್ಲ, ಬಹುಮಾನ ಇಲ್ಲ, ಕುದುರಿ ನನ್ನದು. ಹೌದಿಲ್ಲ ತಂಗಿ?”

ವಿದ್ಯಾವತಿ ಉತ್ತರಿಸುವಷ್ಟರಲ್ಲಿ ರೇಶ್ಮಿ ಕಲ್ಲಿನಾಥನ ಅಪ್ಪುಗೆಯಿಂದ ಸರಿದು, ಒಂದೊಂದೇ ಹೆಜ್ಜೆಯಿಡುತ್ತ ನೇರ ವಿದ್ಯಾವತಿಯ ಬಳಿಗೆ ಹೋಯಿತು. ಮೂತಿಯನ್ನು ಅವಳ ಸೊಂಟಕ್ಕೆ ಒತ್ತಿತು. ಸೆರಗಿನ ತುದಿಯ ಗಂಟನ್ನು ತುಟಿಯಿಂದ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು ಬಿಚ್ಚಿತು. ಅದನ್ನು ಬಿಚ್ಚಿದ ಚಾತುರ್ಯ ನೋಡಿದರೆ ಅದು ಮೊದಲ ಸಲದ ಕೆಲಸವಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಗಂಟಿನಿಂದ ನಿಂಬೆಹಣ್ಣಿನಷ್ಟು ಬೆಲ್ಲ ಉರುಳಿತು.

ಹದಿನಾಲ್ಕು ಮನೆಯ ಕಣ್ಣು ವಿದ್ಯಾವತಿಯ ಮೇಲೆ.

“ನನಗ ಒಮ್ಮೊಮ್ಮಿ ತಲಿ ತಿರಗತದ, ಅದಕ್ಕ ಇಟ್ಕೊಂಡೀನಿ,” ಎಂದಳು. “ಏನು ನೋಡಾಕತ್ತೀರಿ ಎಲ್ಲಾರೂ? ಸವತಿ ಅಂದ್ರೇನಾತು, ಮುಂಜಾನೆ ಎದ್ದಕೂಡ್ಲೇ ಬಾಗಿಲದಾಗ ಮಾರಿ ಸಣ್ಣದು ಮಾಡ್ಕೊಂಡು ನಿಂತ್ರ ಹ್ಯಾಂಗ ತಡಕೋಬೇಕು?”

ಡಾಕ್ಟರು ನಗು ತಡೆದುಕೊಂಡು ಶಂಕರಲಿಂಗನತ್ತ ತಿರುಗಿದರು. “ನೀವು ಒಯ್ತೀರಾ? ಚಲೋ ಆತು. ಬರೇ ಒಣಮೇವು, ಅದೂ ತೂಗಿ. ಮೊದಲ ಹದಿನೈದು ದಿನ ಕಾಲಿಗಿ ತಣ್ಣೀರು, ವಿಶ್ರಾಂತಿ. ಆಮ್ಯಾಲ ಮುಂಜಾನೆ ಸಂಜಿ ಹಗ್ಗ ಹಿಡಿದು ನಡಸಬೇಕು. ಮೊದಲು ಸ್ವಲ್ಪ, ಆಮ್ಯಾಲ ಎರಡೆರಡು ಮೈಲು.”

“ಯಾರು ನಡೀಬೇಕು?”

“ಹಗ್ಗ ಹಿಡಿದವರು.”

“ನಾ ಯಾಕ ನಡೀಲಿ? ಕುದುರಿ ಇರೋದು ಕೂಡಾಕ.”

“ವರ್ಷ ತನಕ ಯಾರೂ ಕೂಡಂಗಿಲ್ಲ,” ಎಂದ ಡಾಕ್ಟರು ಅವನನ್ನು ಮೇಲಿನಿಂದ ಕೆಳಗೆ ನೋಡಿ, ರೇಶ್ಮಿಗೆ ಬೆರಳಾಡಿಸಿದಂತೆಯೇ ಮನಸ್ಸಿನಲ್ಲಿ ಬೆರಳಾಡಿಸಿ, “ನೀವಂತೂ ಕೂಡಲೇಬಾರದು,” ಎಂದರು.

“ಈ ಅಣ್ಣಾಗ ಎಷ್ಟು ಬರೀಲಿ ಮೇಡಂ?” ಎಂದು ಅಜೀತ ಮೈಕು ಬಂದ್ ಮಾಡುವುದನ್ನು ಮರೆತು ಕೇಳಿದ.

ಆ ನಗೆಯ ಗದ್ದಲದಲ್ಲಿ ವಿದ್ಯಾವತಿ ಹೋಗಿ ಅಣ್ಣನ ಕೈಯಿಂದ ಹಗ್ಗ ತೆಗೆದುಕೊಂಡಳು. “ನೀ ಮನಿಗಿ ನಡಿ ಅಣ್ಣಾ. ಹಗ್ಗ ಇಲ್ಲೇ ಇರ್ಲಿ, ಗಟ್ಟಿ ಅದ. ನಾನೇ ನಡಸ್ತೀನಿ. ರೇಶ್ಮಿ, ಬಾರವ್ವಾ.”

ಕಲ್ಲಿನಾಥ ಹೆಂಡತಿಯ ಬಾಯಲ್ಲಿ ಆ ಹೆಸರನ್ನು ಮೊದಲ ಸಲ ಕೇಳಿದ.

ಊರಿಗೆ ಬಂದ ಮೇಲೆ ಓಣಿಯಲ್ಲಿ ಧರ್ಮಸಂಕಟ ಹುಟ್ಟಿತು. ಹದಿನಾಲ್ಕು ಮೊದಲ ರೊಟ್ಟಿ ಯಾರಿಗೆ? ಎರಡು ದಿನ ತಾವೇ ತಿಂದು ನೋಡಿದರು; ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯ ದಿನ ಎಲ್ಲರ ಕಣ್ಣು ಬಾದಶಾಹನ ಮೇಲೆ ಬಿತ್ತು. ಹೆಂಗಸರು ರೊಟ್ಟಿ ಹಿಡಿದು ಬರುವುದನ್ನು ದೂರದಿಂದಲೇ ಕಂಡ ಸೈಫುದ್ದೀನ್ ಕುದುರೆಯನ್ನು ಮನೆಯೊಳಗೆ ಎಳೆದುಕೊಂಡು ಅಗಳಿ ಹಾಕಿ, ಕಿಟಕಿಯಿಂದ ಕೈ ಮುಗಿದ. ಕೊನೆಗೆ ರೊಟ್ಟಿಗಳು ತ್ರಿಪುರಾಂತ ಕೆರೆಯ ದಂಡೆಗೆ ಮೇಯಲು ಬರುವ ದನಗಳಿಗೆ ಹೋದವು. ಕೊಡಲು ಹೆಂಗಸರೂ ಕೆರೆಯ ತನಕ ನಡೆಯಬೇಕಾಯಿತು. ರೇಶ್ಮಿಯೂ ಕಾಲು ತಣ್ಣಗಾದ ಮೇಲೆ ಅದೇ ದಾರಿ ಹಿಡಿಯಿತು. ಮುಂದೆ ವಿದ್ಯಾವತಿ ಹಗ್ಗ ಹಿಡಿದು, ಹಿಂದೆ ಕಲ್ಲಿನಾಥ ಶಿವನಾಮ ಹಿಡಿದು, ನಡುವೆ ರೇಶ್ಮಿ ಪಕ್ಕದ ರೊಟ್ಟಿಯ ಬುಟ್ಟಿಗಳನ್ನು ನೋಡಿ ನಿಟ್ಟುಸಿರುಬಿಡುತ್ತ. ಆ ನಿಟ್ಟುಸಿರಿಗೆ ಕರಗಿ ಯಾರಾದರೂ ಬುಟ್ಟಿಗೆ ಕೈ ಹಾಕಿದರೆ ವಿದ್ಯಾವತಿ ತಿರುಗಿಯೂ ನೋಡದೆ, “ಕೈ ತಗೀರಿ,” ಎನ್ನುತ್ತಿದ್ದಳು.

ಪ್ರತಿ ಸೋಮವಾರ ಪೂಜೆ ಮುಗಿಸಿ ಶೇವಂತಾಬಾಯಿ ಬಂದು ಪಕ್ಕೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ತಲೆಯಾಡಿಸಿ ಹೋಗುತ್ತಿದ್ದಳು. ಹೀಗೆ ನಾಲ್ಕು ತಿಂಗಳು ಕಳೆದವು. ಐದನೆಯ ತಿಂಗಳ ಮೊದಲ ಸೋಮವಾರ ಆಕೆಯ ಕೈ ಒಂದು ಕಡೆ ನಿಂತಿತು. ಹಿಂದೆ ಸರಿಯಿತು, ಮತ್ತೆ ಅಲ್ಲಿಗೇ ಬಂತು. ಮುದುಕಿಯ ಮುಖದ ಮೇಲೆ ಬೆಳಕು ಹರಿಯಿತು.

“ಕಲ್ಯಾ! ವಿದ್ಯಾವತಿ! ಎಲ್ಲಾರೂ ಬರ್ರೋ! ಸಿಕ್ಕಿತು!”

ಓಣಿಯೆಲ್ಲ ಓಡಿಬಂತು. ಕಲ್ಲಿನಾಥನ ಕೈ ಹಿಡಿದು ಆ ಜಾಗಕ್ಕೆ ಮುಟ್ಟಿಸಿದಳು. ಹೌದು, ಚರ್ಮದ ಕೆಳಗೆ, ಬೆರಳಿಗೆ ತಾಗುವಂತೆ, ಒಂದು ಪಕ್ಕೆಲುಬು. ಕಲ್ಲಿನಾಥ ಆ ಕೈ ತೆಗೆಯದೆ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡ. ಯಾರೋ ಸಕ್ಕರೆ ತರಲು ಓಡಿದರು. ವಿದ್ಯಾವತಿ ಕಸಬರಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಆಚೆ ಓಣಿಯಿಂದ ಏದುಸಿರು ಬಿಡುತ್ತ ಬಂದ ಸೈಫುದ್ದೀನ್ ಗುಂಪಿನ ಹಿಂದಿನಿಂದಲೇ ಕೂಗಿ ಕೇಳಿದ:

“ಏನಾತು ಆಯಿ? ಎಷ್ಟು?”

“ಸದ್ಯಕ್ಕ ಒಂದು,” ಎಂದಳು ಶೇವಂತಾಬಾಯಿ, ಕೈ ತೊಳೆದುಕೊಳ್ಳುತ್ತ. “ಇನ್ನ ಹದಿನೇಳು ದಾರ್ಯಾಗ ಅವ.”